ಹಸಿರು ಬಾಗಿಲಿನ ಪರೀಕ್ಷೆ

ತಿರುಗಿಸಿದ ಕೂಡಲೇ ನಳ ದುಂಡಪ್ಪನ ಕೈಗೇ ಬಂತು. ನೀರು ಮುಖಕ್ಕೆ ಹೊಡೆಯಿತು. ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅವನಿಗೆ ಖಾತ್ರಿಯಾಗಿತ್ತು: ಹೆಂಡತಿ ಬೇಕಂತಲೇ ಇಂಥ ಮನೆ ಹಿಡಿದಿದ್ದಾಳೆ.

ಹೆಂಡತಿ ಕಾಶೆವ್ವ ಸಾಲೆಯ ಹೆಡ್‌ಮಾಸ್ತರಿಣಿ. ಗೋಕಾಕದಿಂದ ಮೂಡಲಗಿಗೆ ವರ್ಗವಾಗಿತ್ತು. ಬಾಡಿಗೆ ಮನೆ ನೋಡಿ ಬಂದವಳು ಅವಳೊಬ್ಬಳೇ. ದುಂಡಪ್ಪನಿಗೆ ಬಿಡುವಿರಲಿಲ್ಲ, ಅವತ್ತು ಅವನು ವಾಟ್ಸಾಪ್ ಗುಂಪಿನಲ್ಲಿ ಮನೆ ಬದಲಿಸುವವರಿಗೆ ಸೂಚನೆ ಬರೆಯುತ್ತಿದ್ದ.

ನಿವೃತ್ತನಾದ ಮೇಲೆ ಅದೇ ಅವನ ಉದ್ಯೋಗ. ಹುಕ್ಕೇರಿಯಿಂದ ಯಾರೋ ಗೋಡೆ ಹಸಿಯಾಗಿದೆ ಎಂದರೆ ಇವನಿಂದ ಐದು ನಿಮಿಷದ ಧ್ವನಿಸಂದೇಶ ಹೋಗುತ್ತಿತ್ತು: ‘ಮೊದಲ ಬಣ್ಣಾ ಹಚ್ಚಬ್ಯಾಡ್ರಿ. ನೀರ ಎಲ್ಲಿಂದ ಬರತೈತಿ ಅದನ್ನ ಹುಡುಕ್ರಿ.’ ಸಲಹೆ ಎಂದೂ ತಪ್ಪಿರುತ್ತಿರಲಿಲ್ಲ. ಆದರೆ ಅವನ ಸ್ವಂತ ಬಚ್ಚಲಿನ ನಳ ಹನ್ನೊಂದು ವರ್ಷದಿಂದ ಸೋರುತ್ತಿತ್ತು. ನಳ ಬದಲಾಗಿರಲಿಲ್ಲ, ಅದರ ಕೆಳಗಿನ ಬಕೇಟು ಮೂರು ಸಲ ಬದಲಾಗಿತ್ತು.

“ಊರಿಗೆಲ್ಲಾ ಶ್ಯಾಣ್ಯಾತನಾ ಹೇಳತೀರಿ. ಈ ಮನ್ಯಾಗ ಒಂದರ ಮೊಳಿ ಹೊಡದೀರೇನ್ರಿ?” ಎಂದು ಕಾಶೆವ್ವ ನಿನ್ನೆ ಕೇಳಿದ್ದಳು. “ಮೂಡಲಗಿ ಮನ್ಯಾಗ ಏನರ ಸಣ್ಣಪುಟ್ಟ ಕೆಲಸಾ ಇದ್ರ ನೀವ ಮುಗಸ್ರಿ. ಸಂಜೀಕ ನಾ ಸಾಮಾನ ತಗೊಂಡ ಬರತೇನಿ. ಒಂದ ಹನಿ ಸೋರಿದ್ರೂ ಟೆಂಪೋ ತಿರಗಿಸಿ ಘೋಡಗೇರಿಗೆ, ನಮ್ಮ ತವರಮನಿಗೆ ಹೋಗತೇನಿ.”

ಅವಳು ನಕ್ಕು ಹೇಳಿರಲಿಲ್ಲ.

ಬಸವಣ್ಣನ ಗುಡಿಯ ಹಿಂದೆ ಹಸಿರು ಬಾಗಿಲು, ಚೌಕಟ್ಟಿನ ಮೇಲೆ ಚಾವಿ. ಇಷ್ಟೇ ವಿಳಾಸ. ದುಂಡಪ್ಪನಿಗೆ ಹಸಿರು ಬಾಗಿಲು ಸಿಕ್ಕಿತು, ಚಾವಿ ಸಿಗಲಿಲ್ಲ. ಬೇಕಾಗಲೂ ಇಲ್ಲ, ಬಾಗಿಲಿಗೆ ಕೀಲಿಯೇ ಹಾಕಿರಲಿಲ್ಲ. ಮೂಡಲಗಿಯ ಜನ ಎಷ್ಟು ನಂಬಿಗಸ್ಥರು ಎಂದುಕೊಂಡು ಒಳಗೆ ಬಂದ. ಖಾಲಿ ಮನೆ. ಕದಿಯುವುದಕ್ಕೆ ಏನೂ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ನಳ ಮುರುಕು. ಅಡುಗೆಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಬಚ್ಚಲಿನ ಹಿಂದಿನ ಗೋಡೆಯಲ್ಲಿ ಸುಣ್ಣ ಉಬ್ಬಿ ಉದುರುತ್ತಿತ್ತು. ಇದು ಮನೆಯಲ್ಲ, ಹೆಡ್‌ಮಾಸ್ತರಿಣಿ ತೆಗೆದ ಪ್ರಶ್ನೆಪತ್ರಿಕೆ. ಫೋನು ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಪ್ರಶ್ನೆ ಕಠಿಣವಾಗಿದೆ ಎಂದು ಪರೀಕ್ಷಕರಿಗೇ ದೂರುವುದುಂಟೆ?

ಎದುರು ಮನೆಯಿಂದ ಒಬ್ಬ ಹೆಂಗಸು ಬಂದಳು. ಸುಂದ್ರವ್ವ ಎಂದು ಹೆಸರು ಹೇಳಿದಳು. ಅವನ ಚೀಲದಿಂದ ಇಣುಕುತ್ತಿದ್ದ ಸುತ್ತಿಗೆ, ಪಾನಾ ನೋಡಿ ಅವಳ ಮುಖ ಅರಳಿತು.

“ಅಂತೂ ಬಂದ್ರಲ್ಲಾ! ಎಂಟ ದಿನದಿಂದ ಹಾದಿ ಕಾಯಾಕತ್ತೇನ್ರಿ.”

ಬಾಡಿಗೆಗೆ ಬರುವವರ ಮೇಲೆ ಓಣಿಯವರಿಗೆ ಇಷ್ಟು ಅಕ್ಕರೆಯೇ! ದುಂಡಪ್ಪ ಕರಗಿದ.

“ಸ್ವಲ್ಪ ತಡಾ ಆತ್ರಿ, ಅಕ್ಕಾರ.”

“ಇರ್ಲಿ ಬಿಡ್ರಿ. ಚಹಾ ತರತೇನಿ. ಮೊದಲ ಬಚ್ಚಲಾ ನೋಡ್ರಿ.”

ಪೇಟೆಗೆ ಹೋಗಿ ಹೊಸ ನಳ ತಂದ. ಬಿಳಿ ಟೇಪನ್ನು ಉಲ್ಟಾ ಸುತ್ತಿದ. ನೀರು ಮತ್ತೊಮ್ಮೆ ಮುಖಕ್ಕೆ ಹೊಡೆಯಿತು. ಕೊನೆಗೆ ಬೇರೆ ದಾರಿ ಕಾಣದೆ, ನಳ ಕೂಡಿಸುವುದರ ಬಗ್ಗೆ ಹೋದ ತಿಂಗಳು ತಾನೇ ಕಳಿಸಿದ್ದ ಧ್ವನಿಸಂದೇಶ ಹಾಕಿಕೊಂಡು ಕೇಳಿದ. ಒಳ್ಳೆಯ ಸಲಹೆಯೇ. ಆದರೆ ಈ ಮನುಷ್ಯ ಬಹಳ ಅವಸರದಲ್ಲಿ ಮಾತಾಡುತ್ತಾನೆ, ನಡುನಡುವೆ ತನ್ನನ್ನೇ ಹೊಗಳಿಕೊಳ್ಳುತ್ತಾನೆ ಎನಿಸಿತು. ಮೂರನೆಯ ಸಲ ಕೇಳಿದ ಮೇಲೆ ನಳ ಕೂತಿತು.

ಅಡುಗೆಮನೆಯ ಬಾಗಿಲಿನ ಬಿಜಾಗರಿ ಸಡಿಲಾಗಿತ್ತು. ಸ್ಕ್ರೂ ತೆಗೆದು, ತೂತಿನಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿ ತುರುಕಿ, ಮತ್ತೆ ಬಿಗಿದ. ಬಾಗಿಲು ನೆಲ ಬಿಟ್ಟು ಎದ್ದಿತು. ಖುಷಿಯಲ್ಲಿ ಗೋಡೆಗೊಂದು ಮೊಳೆ ಹೊಡೆಯಲು ಹೋಗಿ ಹೆಬ್ಬೆರಳಿಗೆ ಹೊಡೆದುಕೊಂಡ.

ಮಧ್ಯಾಹ್ನ ಸುಂದ್ರವ್ವ ರೊಟ್ಟಿ, ಝುಣಕ ತಂದಳು. ಬಾಗಿಲು ತೆರೆದು ಮುಚ್ಚಿ ನೋಡಿದಳು. ನಳ ತಿರುಗಿಸಿ ನೋಡಿದಳು. ಆಮೇಲೆ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು.

“ಇಷ್ಟ ಲಗೂನ ಮುಗಿಸಿದ್ರ್ಯಾ? ಯಾವೂರ್ರಿ ನಿಮ್ದು?”

“ಗೋಕಾಕ್ರಿ.”

“ಹೌದಾ? ಊಟಾ ಮಾಡ್ರಿ. ಆಮ್ಯಾಲ ಆ ಗ್ವಾಡಿನೂ ಒಂದೀಟ ನೋಡ್ರಿ.”

ಗೋಡೆಯ ಮುಂದೆ ನಿಂತಾಗ ಬಣ್ಣ ಬಳಿದು ಮುಚ್ಚಿಬಿಡುವ ಆಸೆ ಅವನಿಗೂ ಆಯಿತು. ತಡೆದುಕೊಂಡ. ಬಚ್ಚಲಿನ ಕಲ್ಲುಗಳ ಸಂದು ಹುಡುಕಿ, ಕೆರೆದು, ಬಿಳಿ ಸಿಮೆಂಟು ತುಂಬಿದ. ಉಬ್ಬಿದ ಸುಣ್ಣ ಕಿತ್ತು ಗೋಡೆಯನ್ನು ಒಣಗಲು ಬಿಟ್ಟ.

ಸಂಜೆ ನೆಲ ಒರೆಸಿ, ನಳದ ಮುಂದೆ ಕುಕ್ಕರಗಾಲಲ್ಲಿ ಕೂತು ನೂರರವರೆಗೆ ಎಣಿಸಿದ. ಒಂದು ಹನಿಯೂ ಬೀಳಲಿಲ್ಲ. ಅರವತ್ತೆರಡು ವರ್ಷದಲ್ಲಿ ಮೊದಲ ಸಲ ತನ್ನ ಮಾತನ್ನು ತಾನೇ ಕೇಳಿದ್ದ.

ಫೋನು ಬಂತು. ಕಾಶೆವ್ವ.

“ಎಲ್ಲಿ ಅದೀರಿ?”

“ಮನ್ಯಾಗ. ಲಗೂ ಬಾ. ಒಂದ ಹನಿ ಸೋರಿದ್ರ ಕೇಳು!”

“ಮನ್ಯಾಗ ನಾ ಅದೇನಿ. ಚಾವಿ ಇಟ್ಟಲ್ಲೇ ಐತಿ. ಮಾಲಕರು ನಳಾ ಎಲ್ಲಾ ಹೊಸಾವ ಹಾಕಸ್ಯಾರ, ಬಣ್ಣಾನೂ ಹಚ್ಚಸ್ಯಾರ. ನೀವ ಯಾರ ಮನ್ಯಾಗ ಅದೀರಿ?”

ದುಂಡಪ್ಪ ಹೊರಗೆ ಬಂದು ನೋಡಿದ. ಓಣಿಯ ಆ ತುದಿಗೆ ಇನ್ನೊಂದು ಹಸಿರು ಬಾಗಿಲು. ಅದರ ಮುಂದೆ ಟೆಂಪೋ. ಮೇಲೆ ಅವನದೇ ಮಂಚ.

ಚಹಾ ಹಿಡಿದು ಬಂದಿದ್ದ ಸುಂದ್ರವ್ವನಿಗೆ ಕೈ ಮುಗಿದ.

“ತಪ್ಪ ಆತ್ರಿ ಅಕ್ಕಾರ. ಇದು ಯಾರ ಮನಿ?”

“ನಂದ್ರಿ. ರಿಪೇರಿ ಸಲವಾಗಿ ಖಾಲಿ ಮಾಡಿ ಎದುರಿಗೆ ತಂಗಿ ಮನ್ಯಾಗ ಅದೇನಿ. ಗೌಂಡಿ ಎಂಟ ದಿನದಿಂದ ಇವತ್ತ ಬಂದೆ, ನಾಳಿ ಬಂದೆ ಅನ್ನಾಕತ್ತಾನ.”

“ನಾ ಗೌಂಡಿ ಅಲ್ರಿ,” ಎಂದ ದುಂಡಪ್ಪ, ಕುಗ್ಗಿದ ದನಿಯಲ್ಲಿ.

ಸುಂದ್ರವ್ವ ಕಪ್ಪನ್ನು ಅವನ ಕೈಗೆ ಕೊಟ್ಟಳು. “ಅದು ನನಗ ಮಧ್ಯಾಹ್ನನ ಗೊತ್ತಾತ್ರಿ. ಖರೆ ಗೌಂಡಿ ಅರ್ಧಾ ದಿನದಾಗ ಇಷ್ಟ ಕೆಲಸಾ ಎಲ್ಲಿ ಮಾಡತಾನ್ರಿ?”