ಕಾರಿನಲ್ಲಿ ತುಂಬಿದ್ದ ಮೌನ

ದಾವಣಗೆರೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಜಬಿವುಲ್ಲಾ ನಮ್ಮ ಕಾರಿನ ಪರದೆಯ ಹಿಂದಿನಿಂದ, ಒಳಗಿನ ಸದ್ದನ್ನೆಲ್ಲಾ ದಾಖಲಿಸಿಕೊಳ್ಳುವ ಹಳೆಯ ಹಾರ್ಡ್ ಡಿಸ್ಕ್ ತೆಗೆದು ತನ್ನ ಯಂತ್ರಕ್ಕೆ ಸಿಕ್ಕಿಸಿದ.

"ಪೂರ್ತಿ ತುಂಬೈತೆ ಅಕ್ಕಾ. ಹಾಡು, ಮಾತು ಎಲ್ಲಾ ಸೇರಿ ಕಾಲು ಭಾಗ. ಉಳಿದಿದ್ದೆಲ್ಲಾ ಮೌನ."

ಮೌನಕ್ಕೆ ಮಾತಿಗಿಂತ ಹೆಚ್ಚು ಜಾಗ ಬೇಕು. ಹೊಸ ಡಿಸ್ಕ್ ಹಾಕಿಸುವಾಗ ಎಲ್ಲರೂ ಅದನ್ನು ಅಳಿಸಿಬಿಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಹೆಬ್ಬೆರಳು ಒತ್ತಿದರೆ ಸಾಕು. ನನ್ನ ಗಂಡ ಚಿದಂಬರ ಯಾರೂ ಕೇಳುವ ಮೊದಲೇ ಒತ್ತಿದ್ದರು.

"ಬೇಗ ಒತ್ತೇ, ಲೇಟಾಗುತ್ತೆ."

"ಇಷ್ಟೊಂದು ಮೌನ ಎಲ್ಲಿಂದ ಬಂತ್ರೀ?"

"ಸಿಗ್ನಲ್ಲಲ್ಲಿ ನಿಂತಿದ್ದು ಕಣೇ."

"ದಾವಣಗೆರೇಲಿ ಎಷ್ಟು ಸಿಗ್ನಲ್ ಇದಾವ್ರೀ?"

ಒಂದು ವರ್ಷದಿಂದ ಅವರು ಮನೆಗೆ ತಡವಾಗಿ ಬರುತ್ತಿದ್ದರು. ಮಾತೇ ಬೇಡವಾಗುವಷ್ಟು ಹತ್ತಿರದವಳು ಯಾರೋ ಪಕ್ಕದಲ್ಲಿ ಕೂತಿರುತ್ತಾಳೆ ಎಂದು ನನಗೆ ಅನುಮಾನ. ಬೆರಳು ಮಡಚಿಕೊಂಡೆ.

"ಕೇಳಿಸಿ ಭಾಯಿ."

ಜಬಿವುಲ್ಲಾ ನನ್ನ ಗಂಡನ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ಕೇಳಿಸಿದ. ಒಬ್ಬರದೇ ಉಸಿರು. ದಿನಾ ಸಂಜೆ ಆರರಿಂದ ಏಳು, ಎಂಜಿನ್ ಬಂದ್. ಪಕ್ಕದ ಸೀಟು ಖಾಲಿ ಎಂದು ಪರದೆ ತೋರಿಸುತ್ತಿತ್ತು. ನನ್ನ ಎದೆ ಹಗುರವಾಯಿತು.

"ಜಾಗ ಯಾವುದು?"

ಅವನು ದನಿ ತಗ್ಗಿಸಿದ. "ನಿಮ್ಮನೆ ಹಿಂದಿನ ರಸ್ತೆ ಅಕ್ಕಾ. ದಿನಾ ಅಲ್ಲೇ."

ಚಿದಂಬರ ನೆಲ ನೋಡುತ್ತಿದ್ದರು. ಉಸಿರು ಕೇಳಿಸುತ್ತಲೇ ಇತ್ತು. ಪಕ್ಕದಲ್ಲಿ ಒಬ್ಬಳಿದ್ದಿದ್ದರೆ, ಜಗಳವಾಡಲು ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು.