ಒಣ ನೆಲದ ಸೋರಿಕೆ

ವ್ಯಾನಿನ ರೇಡಿಯೇಟರ್ ಮುಚ್ಚಳ ತಿರುವಿ ಇಣುಕಿದವಳಿಗೆ ಮೈ ಉರಿದುಹೋಯಿತು. ಒಳಗೆ ಮತ್ತೆ ತೊಟ್ಟು ನೀರಿಲ್ಲ.

ಪೈಪು ಎಳೆದು ತಂದು ತುಂಬಿಸತೊಡಗಿದಳು. ಅದು ನಿಧಾನವಾಗಿ ಗುಳುಗುಳು ಎನ್ನುತ್ತಿದ್ದರೆ ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಶಾಲೆಯ ಮಕ್ಕಳು ಚೀಲ ಹೊತ್ತು ಕಾಯುತ್ತಿರುತ್ತವೆ. ಹೋದ ವಾರ ನೋಡದೆ ಹೊರಟು, ಸೇತುವೆಯ ಮೇಲೆ ಎಂಜಿನ್ ಕುದಿದು, ಮಕ್ಕಳೆಲ್ಲ ಚೀರಾಡಿ ದೊಡ್ಡ ರಂಪವಾಗಿತ್ತು. ಇನ್ನೊಂದು ಸಲ ಹೀಗಾದರೆ ಬೇರೆ ವ್ಯಾನ್ ನೋಡಿಕೊಳ್ಳುತ್ತೇವೆ ಎಂದು ಮುಖ್ಯೋಪಾಧ್ಯಾಯಿನಿ ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅಪ್ಪ, ಮಗಳು ಇಬ್ಬರ ಹೊಟ್ಟೆ ತುಂಬಿಸುತ್ತಿದ್ದುದು ಈ ವ್ಯಾನೊಂದೇ.

ಅಪ್ಪ ಶಾಲು ಹೊದ್ದು ಗೇಟಿನ ಬಳಿ ಕುಂಡಗಳಿಗೆ ನೀರು ಹಾಕುತ್ತಿದ್ದ. ಎಷ್ಟು ಉಪಚಾರ ಮಾಡಿದರೂ ಗಿಡಗಳು ಹಳದಿಯಾಗಿ ಸೊರಗುತ್ತಿದ್ದವು. ಈ ವರ್ಷದ ಚಳಿಯೇ ಅಂಥದ್ದು.

"ನೀನು ರಿಪೇರಿ ಮಾಡಿಸ್ದೆ, ಸೋರ್ತು. ಹೊಸದು ಹಾಕಿಸ್ದೆ, ಅದೂ ಸೋರ್ತಿದೆ," ಅಂದ ಅಪ್ಪ. "ಅಂದ್ರೆ ತಪ್ಪು ರೇಡಿಯೇಟರ್‌ದಲ್ಲ, ಆ ಮರೆಗುಳಿದು. ನಿಂಗೆ ಚೆನ್ನಾಗಿ ಟೋಪಿ ಹಾಕಿದಾನೆ."

ಮರೆಗುಳಿ ಎಂದರೆ ಮೆಕ್ಯಾನಿಕ್. ಒಂದು ಕಾಲಕ್ಕೆ ಅಪ್ಪನ ಲಾರಿಯಲ್ಲಿ ಕ್ಲೀನರ್ ಆಗಿದ್ದವನು. ಆ ಹೆಸರಿಟ್ಟವನೂ ಅಪ್ಪನೇ.

"ಉತ್ತರದ ಕಡೆ ಹಿಮ ಬೀಳೋ ದಾರೀಲಿ ಒಂದು ರಾತ್ರಿ ಅವನನ್ನ ನಂಬಿ ಮಲಗ್ದೆ. ಬೆಳಗ್ಗೆ ಎದ್ರೆ ಎಂಜಿನ್ ಸೀಳಿತ್ತು. ನನ್ನ ಕೆಲ್ಸ ಹೋಯ್ತು."

ಈ ಕಥೆ ಅವಳಿಗೆ ಬಾಯಿಪಾಠ. ಅಂಥವನನ್ನು ಮಾಮ ಎಂದು ಕರೆದು ವ್ಯಾನ್ ಒಪ್ಪಿಸಿದ್ದಕ್ಕೆ ತನಗೆ ತಾನೇ ಶಾಪ ಹಾಕಿಕೊಂಡಳು.

ಮಕ್ಕಳನ್ನು ಶಾಲೆಗೆ ಬಿಟ್ಟವಳೇ ನೇರ ಗ್ಯಾರೇಜಿಗೆ ನುಗ್ಗಿದಳು. ಅವಳ ದೂರು ಕೇಳಿದ ಮೆಕ್ಯಾನಿಕ್ ರೇಡಿಯೇಟರ್ ಬಾಯಿಗೆ ಪಂಪು ಕಚ್ಚಿಸಿ ಗಾಳಿ ಒತ್ತಿದ. ಇಬ್ಬರೂ ಮೀಟರನ್ನೇ ದಿಟ್ಟಿಸಿದರು.

"ನೋಡು, ಮುಳ್ಳು ಅಲ್ಲಾಡ್ತಿಲ್ಲ. ಇದು ಸೋರ್ತಿಲ್ಲ."

"ಹಾಗಾದ್ರೆ ನೀರೇನು ರೆಕ್ಕೆ ಕಟ್ಕೊಂಡು ಹಾರಿಹೋಯ್ತಾ ಮಾಮ?"

"ಬೆಳಗ್ಗೆ ವ್ಯಾನ್ ಕೆಳಗೆ ನೆಲ ಒದ್ದೆ ಇರುತ್ತಾ?"

ಅವಳು ತಡವರಿಸಿದಳು. "ಇಲ್ಲ. ಒಣಗೇ ಇರುತ್ತೆ."

"ಯಾವಾಗಿಂದ ಹೀಗೆ?"

"ಚಳಿ ಶುರುವಾದಾಗಿಂದ."

ಪಂಪು ಬಿಚ್ಚುತ್ತಿದ್ದ ಅವನ ಕೈ ನಿಂತಿತು. ಮುಖದ ಬಣ್ಣವೇ ಬದಲಾಯಿತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡಳು ಅವಳು.

"ನಿಮ್ಮಪ್ಪ ಹೇಗಿದ್ದಾರೆ?"

"ಮಾತು ಹಾರಿಸ್ಬೇಡಿ. ರಿಪೇರಿನಾ, ಇನ್ನೊಂದು ಹೊಸದಾ? ಒಂದು ಹೇಳಿ."

"ಎರಡೂ ಬೇಡ. ಎಂಜಿನ್ ತಂಪಿಡೋ ಹಸಿರು ಕೂಲೆಂಟ್ ಹೊಸದಾಗಿ ತುಂಬಿ ಕೊಡ್ತೀನಿ. ದಿನಾ ನಿಲ್ಸೋ ಜಾಗದಲ್ಲೇ ನಿಲ್ಸು. ಸಂಜೆ ನಾನು ಬರ್ತೀನಿ." ಅವನು ದನಿ ತಗ್ಗಿಸಿದ. "ನಿಮ್ಮಪ್ಪನಿಗೆ ಮಾತ್ರ ಹೇಳ್ಬೇಡ."

ದಾರಿಯುದ್ದಕ್ಕೂ ಆ ಕೊನೆಯ ಮಾತು ಅವಳನ್ನು ಕೊರೆಯಿತು. ಒಳ್ಳೆಯ ಕೆಲಸಕ್ಕೆ ಬರುವವನು ಗುಟ್ಟಾಗಿ ಯಾಕೆ ಬರಬೇಕು? ತಾನೇ ನೀರು ತೆಗೆದು, ತಾನೇ ಮಾಲು ಮಾರುವವನ ಮಾತಲ್ಲವೇ ಇದು? ಬರಲಿ, ಕೈಯಾರೆ ಹಿಡಿದೇಬಿಡುತ್ತೇನೆ ಎಂದು ಹಲ್ಲು ಕಚ್ಚಿದಳು.

ಸಂಜೆ ಮನೆಗೆ ಬಂದವಳಿಗೆ ಕುಳಿತರೆ ಕುಳಿತಂತಾಗಲಿಲ್ಲ. ಅಡುಗೆಮನೆಗೂ ಕಿಟಕಿಗೂ ನಾಲ್ಕಾರು ಸಲ ತಿರುಗಿದಳು.

"ಚಹಾನೇ ಕೊಡ್ಲಿಲ್ವಲ್ಲೇ," ಅಂದ ಅಪ್ಪ. ಆಗಷ್ಟೇ ಕುಡಿದ ಲೋಟ ಎದುರಿಗೇ ಇತ್ತು. ವಾದಿಸುವ ವ್ಯವಧಾನ ಅವಳಿಗಿರಲಿಲ್ಲ. ಇನ್ನೊಂದು ಲೋಟ ಕೊಟ್ಟು, ಜಾಕಿಯ ಸಲಾಕೆ ಹಿಡಿದು ಹಿತ್ತಲಿನಿಂದ ಹೊರಬಿದ್ದು ಕಾಯುತ್ತ ನಿಂತಳು.

ಕತ್ತಲಾಗುವ ಹೊತ್ತು. ಗೋಡೆಯ ಮರೆಯಲ್ಲಿ ಯಾರೋ ಬಗ್ಗಿ ನಿಂತಿದ್ದರು. ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಹಿಂದಿನಿಂದ ಕಾಲರ್ ಹಿಡಿದಳು.

"ಸಿಕ್ಕಿಬಿದ್ರಲ್ಲ ಮಾಮ!"

ಮೆಕ್ಯಾನಿಕ್ ಕೊಸರಾಡಲಿಲ್ಲ. ಬಾಯಿಯ ಮೇಲೆ ಬೆರಳಿಟ್ಟ. ಅವನ ಕಣ್ಣು ತುಂಬಿತ್ತು. "ಅವತ್ತು ಹಿಮದಲ್ಲಿ ನಾನು ಮರೆತಿದ್ದು ಏನಂತ ನಿಮ್ಮಪ್ಪ ಹೇಳಿದಾರಾ?" ಎಂದು ಪಿಸುಗುಟ್ಟಿ ವ್ಯಾನಿನತ್ತ ತೋರಿಸಿದ.

ವ್ಯಾನಿನ ಮೂತಿಯ ಕೆಳಗೆ ಬಕೆಟ್ಟಿಗೆ ನೀರು ಬೀಳುವ ಸದ್ದು. ಅಲ್ಲಿ ಮಂಡಿಯೂರಿದ್ದ ಅಪ್ಪ ತಡಕಾಡದೆ, ಪಳಗಿದ ಕೈಯಲ್ಲಿ ರೇಡಿಯೇಟರ್ ತಳದ ತಿರುಪು ಬಿಗಿ ಮಾಡಿದ. ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಎದ್ದು, ಹಸಿರು ನೀರನ್ನು ಕುಂಡಗಳಿಗೆ ಹಂಚಿ ಸುರಿದ. ಅವಳ ಕೈಯಿಂದ ಸಲಾಕೆ ಜಾರಿ ಬಿತ್ತು.

ಸದ್ದಿಗೆ ತಿರುಗಿದ ಅಪ್ಪನ ನೋಟ ಅವಳನ್ನು ದಾಟಿ ಮೆಕ್ಯಾನಿಕ್‌ನ ಮೇಲೆ ನಿಂತಿತು. ಮುಖ ಅರಳಿತು.

"ಎಲ್ಲಿ ಹಾಳಾಗಿ ಹೋಗಿದ್ಯೋ ಮರೆಗುಳಿ? ರಾತ್ರಿ ನೀರು ಗಡ್ಡೆ ಕಟ್ಟಿದ್ರೆ ಮತ್ತೆ ಎಂಜಿನ್ ಸೀಳುತ್ತೆ. ಈ ಸಲ ನಾನೇ ಬಸಿದಿದೀನಿ. ಬೆಳಗ್ಗೆ ತುಂಬ್ಸೋದು ನಿನ್ನ ಕೆಲ್ಸ, ಮರೀಬೇಡ."

ಅಪ್ಪ ಒದ್ದೆ ಕೈಯನ್ನು ಶಾಲಿಗೆ ಒರೆಸಿಕೊಂಡು ಇನ್ನಷ್ಟು ಹತ್ತಿರ ಬಂದ.

"ಮತ್ತೆ ಕೆಲ್ಸ ಹೋದ್ರೆ ಏನ್ಮಾಡ್ಲೋ? ಮನೇಲಿ ಮಗಳು ಇನ್ನೂ ಸಣ್ಣವಳು."