ದೋಣಿ ಮಿಸ್

ಈಜುಕೊಳದ ಏಣಿ ಹತ್ತಿ ಮೇಲೆ ಬರುವಷ್ಟು ಶಕ್ತಿ ಈಜು ಕಲಿಸುವ ಮಿಸ್‌ಗೆ ಇರಲಿಲ್ಲ. ಎರಡನೇ ಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತುಬಿಟ್ಟಳು. ನೀರಿನೊಳಗೆ ಇಲ್ಲದ ಭಾರ ಹೊರಗೆ ಬರುತ್ತಿದ್ದಂತೆ ಮಂಡಿಯ ಮೇಲೆ ಕೂತಿತ್ತು. ಅರ್ಧ ಮೈ ಕರಗಿಸಿಕೊಂಡವಳಿಗೆ ಇಷ್ಟು ಭಾರ ಎಲ್ಲಿಂದ ಬರುತ್ತದೋ ಯಾರಿಗೆ ಗೊತ್ತು.

ಲೈಫ್‌ಗಾರ್ಡ್ ಹುಡುಗ ಕುರ್ಚಿಯಿಂದ ಇಳಿದು ಬಂದು ಕೈ ಕೊಟ್ಟ. “ಅಕ್ಕ, ಮುಂಚೆ ನಿಮ್ಮನ್ನ ಎತ್ತೋಕೆ ನಾಲ್ಕು ಜನ ಬೇಕಾಗ್ತಿತ್ತು. ಆದ್ರೆ ಎತ್ತೋ ಪ್ರಸಂಗಾನೇ ಬರ್ತಿರಲಿಲ್ಲ, ನೋಡಿ.”

“ಬಾಯಿ ಮುಚ್ಕೊಂಡು ಆ ಡಬ್ಬಿ ಕೊಡು.”

ಬೆಂಚಿನ ಮೇಲಿದ್ದದ್ದು ಎನರ್ಜಿ ಡ್ರಿಂಕ್. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿದ ಡಾಕ್ಟರು ಜೀವನಪೂರ್ತಿ ತಪ್ಪಿಸಬೇಡಿ ಎಂದು ಬರೆದುಕೊಟ್ಟಿದ್ದ ವಿಟಮಿನ್ ಮಾತ್ರೆಗಳು ಮನೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು.

“ಮಾತ್ರೆ ಬಿಟ್ಟು ಈ ಪಾನಕ ಯಾಕೆ?”

“ಹೊಟ್ಟೆ ಈಗ ನಿಂಬೆಹಣ್ಣಿನಷ್ಟಿದೆ ಕಣೋ. ಅಷ್ಟು ಮಾತ್ರೆ ನುಂಗಿದ್ರೆ ಅದೇ ನನ್ನ ಊಟ. ಇದರಲ್ಲೂ ವಿಟಮಿನ್ ಇದೆ, ಬೇಕಾದ್ರೆ ಓದು.”

“ಸಕ್ಕರೇನೂ ಇದೆ, ಆಪರೇಷನ್ ಆದವರಿಗೆ ತಲೆ ಸುತ್ತಿಸೋದು. ಅದನ್ನ ಮಾತ್ರ ಇರುವೆಯಷ್ಟು ಅಕ್ಷರದಲ್ಲಿ ಬರೆದಿದಾರೆ.”

ಅವಳು ಅರ್ಧ ಡಬ್ಬಿ ಇಳಿಸಿದಳು. ಆಪರೇಷನ್ನಿನ ಉದ್ದ ರಜೆ ಮುಗಿಸಿ ಪಾಠಕ್ಕೆ ಮರಳಿದ ಮೊದಲ ದಿನವೇ ಸುಸ್ತು ಎಂದು ಕೂರುವ ಹಾಗಿರಲಿಲ್ಲ. ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹುಡುಗಿ ಒಂದು ತಿಂಗಳಿಂದ ಅಲ್ಲೇ ಕೂತಿದ್ದಳು. ಜಪ್ಪಯ್ಯ ಅಂದರೂ ನೀರಿಗೆ ಇಳಿಯುತ್ತಿರಲಿಲ್ಲ. ಎಲ್ಲರೂ ಅವಳನ್ನು ಬೆಕ್ಕಿನಮರಿ ಎನ್ನುತ್ತಿದ್ದರು. ಇವತ್ತೂ ಇಳಿಯದಿದ್ದರೆ ಚಿತ್ರಕಲೆ ಕ್ಲಾಸಿಗೆ ಹಾಕುತ್ತೇನೆ ಎಂದು ಅವಳ ಅಮ್ಮ ಬೆಳಿಗ್ಗೆಯೇ ಹೇಳಿ ಹೋಗಿದ್ದಳು. ಹೆದರಿದ ಮಗುವೊಂದನ್ನು ದಡದಲ್ಲೇ ಬಿಟ್ಟುಕೊಟ್ಟ ದಾಖಲೆ ಮಿಸ್‌ಗೆ ಇರಲಿಲ್ಲ. ಅಂಗಾತ ತೇಲಿ, ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು ಕೊಳ ಸುತ್ತಿಸುವುದು ಅವಳ ಪಾಠದ ರೀತಿ. ಆ ಹಡಗಿನಂಥ ಹೊಟ್ಟೆಯ ಮೇಲೆ ಒಂದು ಸುತ್ತು ಹಾಕಿದ ಮಕ್ಕಳು ಆಮೇಲೆ ತಾವಾಗಿಯೇ ನೀರಿಗೆ ಹಾರುತ್ತಿದ್ದರು. ದೋಣಿ ಮಿಸ್ ಎಂಬ ಹೆಸರು ಬಂದದ್ದೇ ಹಾಗೆ.

“ದೋಣಿ ಮಿಸ್ ಅಂದ್ರೆ ನೀವೇನಾ?” ಬೆಕ್ಕಿನಮರಿ ಅವಳನ್ನು ಮೇಲಿಂದ ಕೆಳಗೆ ನೋಡಿತು. “ನಮ್ಮಣ್ಣ ಹೇಳ್ದ, ದೋಣಿ ಮಿಸ್ ಇಷ್ಟು ದೊಡ್ಡಕ್ಕಿರ್ತಾರೆ ಅಂತ.”

“ಸಣ್ಣ ದೋಣೀನೂ ಇರುತ್ತಮ್ಮ. ಬಾ.”

ಮಿಸ್ ಮತ್ತೆ ನೀರಿಗೆ ಇಳಿದು ತೋಳು ಚಾಚಿದಳು. ಹುಡುಗಿ ಬಂದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕತ್ತಿಗೆ ಜೋತುಬಿದ್ದು, ಬಂದೇಬಿಟ್ಟಳು.

ಮಿಸ್ ಅಂಗಾತ ಮಲಗಿದಳು. ಕಿವಿಗಳು ನೀರಿನೊಳಗೆ ಹೋದದ್ದೇ ತಡ, ಲೋಕ ಬಾಗಿಲು ಹಾಕಿಕೊಂಡಿತು. ಗಾಜಿನ ಚಾವಣಿಯ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಕೆಳಗೆ ನೀರು ಬಿಸಿಲಿನ ಹಾಗೆ ಬೆಚ್ಚಗಿತ್ತು. ನಡುವೆ ತಾನು ಎಲ್ಲಿದ್ದೇನೆ ಎಂಬುದು ಅವಳಿಗೆ ನಿಧಾನಕ್ಕೆ ಮರೆಯಿತು. ಎದೆ ಡವಗುಟ್ಟುತ್ತಿತ್ತು, ತನ್ನದೋ ಮಗುವಿನದೋ ಗೊತ್ತಾಗಲಿಲ್ಲ. ನೀರಿನೊಳಗೂ ಬೆವರುತ್ತಾರೆಯೇ? ಬೆವರುತ್ತಿದ್ದಳು. ಅಂಗೈ ಬೀಸುವುದು ನಿಂತುಹೋಯಿತು. ಬೀಸಬೇಕಾದ ಅಗತ್ಯವೂ ಕಾಣಲಿಲ್ಲ, ಯಾಕೆಂದರೆ ಅವಳ ಬೆನ್ನ ಕೆಳಗೆ ಮೈ ಕರಗುವ ಮುಂಚಿನ ಆ ಹಳೆಯ ಹೆಂಗಸು ಮಲಗಿದ್ದಳು: ಅಗಲ ಬೆನ್ನಿನವಳು, ದಿಂಬಿನಂಥ ತೋಳಿನವಳು, ಬಟ್ಟೆ ಅಂಗಡಿಯಲ್ಲಿ ನಾಚಿಕೊಂಡು ನಿಲ್ಲುತ್ತಿದ್ದವಳು, ನೀರಿನಲ್ಲಿ ರಾಣಿಯ ಹಾಗೆ ಇರುತ್ತಿದ್ದವಳು. ಅವಳ ಮೇಲೆ ಇವಳು, ಇವಳ ಮೇಲೆ ಮಗು. ಎಷ್ಟು ಹಾಯಾಗಿತ್ತೆಂದರೆ, ಹಾಗೇ ಕಣ್ಣು ಮುಚ್ಚಿತು.

ಕೆಳಗಿದ್ದ ಹೆಂಗಸು ಸದ್ದಿಲ್ಲದೆ ಎದ್ದು ಹೋದಳು.

ಮೊದಲು ಕಾಲು ಮುಳುಗಿತು. ಕೊಬ್ಬು ತೇಲುತ್ತದೆ, ತೆಳ್ಳಗಿನವರ ಕಾಲು ಮೊದಲು ಮುಳುಗುತ್ತದೆ ಎಂದು ಎಷ್ಟೋ ತರಗತಿಗಳಿಗೆ ಹೇಳಿದ್ದವಳು ಅವಳೇ. ತಾನೂ ಈಗ ತೆಳ್ಳಗಿನವರ ಪೈಕಿ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎದೆಮಟ್ಟದ ನೀರು, ಎದ್ದು ನಿಂತರೆ ಸಾಕಿತ್ತು. ನಿಲ್ಲಲು ಹೋದರೆ ಮಂಡಿಗಳು ಹತ್ತಿಯಾಗಿದ್ದವು. ಕತ್ತಿನ ಸುತ್ತ ಪುಟ್ಟ ಕೈಗಳು ಬಿಗಿದವು, ಉಗುರು ನಾಟಿತು, ಆಮೇಲೆ ಧುಮುಕಿದ ಸದ್ದು. ಲೈಫ್‌ಗಾರ್ಡ್ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಅವಳನ್ನೂ ಅಂಚಿಗೆ ಎಳೆದು ತಂದ.

ಬೆಕ್ಕಿನಮರಿ ಕೆಮ್ಮಿತು, ಮೂಗಿನಿಂದ ನೀರು ಸುರಿಸಿತು. ಅಳುತ್ತದೆ ಅಂದುಕೊಂಡರೆ ಅಳಲಿಲ್ಲ. ಟವೆಲ್ ಸುತ್ತಿಕೊಂಡು ಮಿಸ್ ಮುಖವನ್ನೇ ನೋಡುತ್ತಾ ಕೂತಿತು.

“ತಪ್ಪಾಯ್ತು ಪುಟ್ಟಿ,” ಎಂದಳು ಮಿಸ್. ಅವಳ ತುಟಿ ಬಿಳಿಚಿಕೊಂಡಿತ್ತು.

“ನಮ್ಮಣ್ಣನ ದೋಣಿ ಮಿಸ್ ವಾಪಸ್ ಬಂದ್ರೆ ಹೇಳಿ,” ಎಂದಿತು ಮಗು, ಸಿಟ್ಟಿಲ್ಲದೆ. “ಅವರ ಜೊತೆ ಇಳೀತೀನಿ.”

ಲೈಫ್‌ಗಾರ್ಡ್ ಎದ್ದ. ಬೆಂಚಿನ ಮೇಲಿದ್ದ ಡಬ್ಬಿಯನ್ನು ಎತ್ತಿ, ಉಳಿದದ್ದನ್ನು ಮೋರಿಗೆ ಸುರಿದ.

ಮುಂದಿನ ಬುಧವಾರ ಮಿಸ್ ನೀರಿಗೆ ಇಳಿಯಲಿಲ್ಲ. ಬೆಳಗಿನ ಮಾತ್ರೆ ಇನ್ನೂ ಗಂಟಲಲ್ಲೇ ಇರುವ ಹಾಗೆ ಎದೆ ಸವರಿಕೊಳ್ಳುತ್ತಾ, ದಡದ ಮೇಲಿಂದಲೇ ಹಾಜರಿ ಕೂಗಿದಳು. ಏಳು ಮಕ್ಕಳ ತರಗತಿಯಲ್ಲಿ ಆರು ಮಕ್ಕಳಿದ್ದರು.